ಒಪೋಸಮ್ ಗಾಯ ಮಾಯುತ್ತಿಲ್ಲವೇ? ಔಷಧ ಬದಲಿಸುವ ಮುನ್ನ ಕೀವಿನ ಮೂಲ ಹುಡುಕಿ

ಉತ್ತರ ಅಮೆರಿಕದ ಹೊಟ್ಟೆಚೀಲದ ಪ್ರಾಣಿ ವರ್ಜೀನಿಯಾ ಒಪೋಸಮ್. ಕಾರಿಗೆ ಸಿಕ್ಕಿಯೋ, ನಾಯಿ-ಬೆಕ್ಕು ಕಚ್ಚಿಯೋ ಪುನರ್ವಸತಿ ಕೇಂದ್ರ ಸೇರುವ ಕೆಲವಕ್ಕೆ, ಒಣಗಿದಂತೆ ಕಂಡ ಗಾಯ ಮತ್ತೆ ಕೀವಾಗುತ್ತದೆ. ಕೂಡಲೇ ಇನ್ನೂ ಜೋರಾದ ಆಂಟಿಬಯಾಟಿಕ್‌ಗೆ ಕೈಹಾಕಬೇಡಿ. ಮುರಿದ ಹಲ್ಲಿನ ಚೂರು, ಸತ್ತ ಮೂಳೆ, ಪೂರ್ತಿ ಬಸಿಯದ ಕುರು ಒಳಗೇ ಉಳಿದಿರಬಹುದು. ರಕ್ತ ಹರಿಯದ ಕಡೆಗೆ ಔಷಧವೂ ತಲುಪದು.

ಮೊದಲು ಪ್ರಾಣಿಯನ್ನು ಬೆಚ್ಚಗಿಟ್ಟು, ನಿರ್ಜಲೀಕರಣ ಸರಿಪಡಿಸಿ, ಗ್ರಾಂ ಲೆಕ್ಕದಲ್ಲಿ ತೂಗಿ. ಒಪೋಸಮ್ ಮೈಕಾವು ಸುಮಾರು 35 ಡಿಗ್ರಿ ಸೆಲ್ಸಿಯಸ್. ನಾಯಿಗೆ ಸಹಜವಾದ 38.5 ಇದಕ್ಕೆ ಜ್ವರವೇ ಇರಬಹುದು. ಹೆಣ್ಣಾದರೆ ಚೀಲದೊಳಗೂ ನೋಡಿ. ಮೊಲೆ ಕಚ್ಚಿದ ಮರಿಯನ್ನು ಎಳೆಯಬೇಡಿ.

ಮುಂದಿನದು ಕಲ್ಚರ್ ಪರೀಕ್ಷೆ, ಅಂದರೆ ಕೀವಿನ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವುದು. ಮೇಲಿನ ಕೀವಿನಲ್ಲಿ ಹೊರಗಿನ ಬ್ಯಾಕ್ಟೀರಿಯಾಗಳೂ ಬೆರೆತಿರುತ್ತವೆ. ಆದ್ದರಿಂದ ಅದನ್ನು ಸಲೈನ್‌ನಿಂದ ತೊಳೆದು, ಕುರುವಿನ ಒಳಗೋಡೆಗೆ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿ) ಉಜ್ಜಿ ಮಾದರಿ ತೆಗೆಯಿರಿ. ಈಗಾಗಲೇ ಔಷಧ ನಡೆಯುತ್ತಿದ್ದು ಪ್ರಾಣಿ ಗಟ್ಟಿಯಾಗಿದ್ದರೆ, ಮಾದರಿಗೆ ಮುನ್ನ 48ರಿಂದ 72 ಗಂಟೆ ನಿಲ್ಲಿಸಬಹುದೇ ಎಂದು ಪಶುವೈದ್ಯರನ್ನು ಕೇಳಿ. ಕಿವಿಯಂಚು ಒಣಗಿ ಗರಿಗರಿಯಾಗುವುದು, ಬಾಲದ ತುದಿ ಅಥವಾ ಬೆರಳು ಕಪ್ಪಾಗುವುದು ಕಂಡರೆ ಮಾತ್ರ ಕಾಯಬಾರದು. ಅದು ರಕ್ತಕ್ಕೂ ಹರಡುವ ಚರ್ಮದ ಸೋಂಕಾಗಿರಬಹುದು. ಅಂದೇ ಸ್ವಾಬ್, ಅಂದೇ ಚಿಕಿತ್ಸೆ.

ಕುರುವನ್ನು ವೈದ್ಯರು ಕೆಳತುದಿಯಲ್ಲಿ ಸೀಳಿ, ಸತ್ತ ಮಾಂಸ ತೆಗೆದ ಮೇಲೆ ತೊಳೆಯುವ ಕೆಲಸ ನಿಮ್ಮದು. 2 ಶೇಕಡಾ ಕ್ಲೋರ್‌ಹೆಕ್ಸಿಡಿನ್ (ರೋಗಾಣುನಾಶಕ) ದ್ರಾವಣ 25 ಮಿ.ಲೀ.ಗೆ ಶುದ್ಧ ನೀರು 975 ಮಿ.ಲೀ. ಬೆರೆಸಿದರೆ 0.05 ಶೇಕಡಾ ಆಗುತ್ತದೆ. ಇದೇ ಔಷಧದ ನೊರೆ ಬರುವ ಸ್ಕ್ರಬ್ (ಸೋಪು ಬೆರೆತದ್ದು) ಬೇಡ. ಕಣ್ಣು, ಕಿವಿಯೊಳಗೆ ಇದು ಹೋಗಬಾರದು. ಹೈಡ್ರೋಜನ್ ಪೆರಾಕ್ಸೈಡ್ ಹೊಸ ಮಾಂಸವನ್ನೂ ಸುಡುತ್ತದೆ, ದೂರವಿಡಿ. 35 ಮಿ.ಲೀ. ಸಿರಿಂಜಿಗೆ 18 ಗೇಜ್ ಸೂಜಿ ಹಾಕಿ ಚಿಮ್ಮಿಸಿದರೆ ಒತ್ತಡ ಹದವಾಗಿರುತ್ತದೆ. ಗಾಯದ ಬಾಯಿ ಬೇಗ ಮುಚ್ಚಲು ಬಿಡಬೇಡಿ, ಒಳಗಿನಿಂದ ತುಂಬಿಕೊಂಡು ಬರಬೇಕು. ಮೇಲೆ ಮುಚ್ಚಿ ಒಳಗೆ ಕೀವುಳಿಯುವುದೇ ಮರುಕಳಿಕೆಗೆ ದೊಡ್ಡ ಕಾರಣ.

ಕಲ್ಚರ್ ವರದಿ ಬಂದಾಗ, ಆ ಬ್ಯಾಕ್ಟೀರಿಯಾ ಬಗ್ಗುವ ಔಷಧವನ್ನು ವೈದ್ಯರೇ ಆರಿಸಲಿ. ಲೆಕ್ಕ ಹೀಗೆ: ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯಾಟಿಕ್ ಕಿಲೋಗೆ 12.5 ಮಿ.ಗ್ರಾಂ ಎಂದು ಬರೆದಿದ್ದರೆ, 2.5 ಕಿಲೋ ಪ್ರಾಣಿಗೆ ಒಂದು ಸಲಕ್ಕೆ ಸುಮಾರು 31 ಮಿ.ಗ್ರಾಂ ಬೇಕು. ಮಿ.ಲೀ.ಗೆ 62.5 ಮಿ.ಗ್ರಾಂ ಇರುವ ಪಶುವೈದ್ಯಕೀಯ ದ್ರಾವಣದಲ್ಲಿ ಅದು 0.5 ಮಿ.ಲೀ. ಆಗುತ್ತದೆ. ನೀರು ಬೆರೆಸಿದ ಬಾಟಲಿ ಫ್ರಿಜ್‌ನಲ್ಲಿರಲಿ, ಪ್ರತಿ ಸಲ ಕುಲುಕಿ, 10 ದಿನ ದಾಟಿದರೆ ಚೆಲ್ಲಿ. ಮರಿ ಬೆಳೆಯುತ್ತಿದ್ದರೆ ಮತ್ತೆ ಮತ್ತೆ ತೂಗಿ ಪ್ರಮಾಣ ತಿದ್ದಬೇಕು. ಹಳೆಯ ತೂಕಕ್ಕೆ ಕೊಟ್ಟ ಔಷಧ ಸಾಲದೆ ಸೋಂಕು ಉಳಿಯುತ್ತದೆ.

ಇಷ್ಟಾದರೂ ಕೀವು ಬಂದರೆ ಎಕ್ಸ್-ರೇ ತೆಗೆಸಿ. ಮೂಳೆಗೆ ಸೋಂಕು ಇಳಿದಿದ್ದರೆ ವಾರಗಟ್ಟಲೆ ಔಷಧ ಬೇಕು, ಕೆಲವೊಮ್ಮೆ ಬೆರಳು ಅಥವಾ ಬಾಲದ ತುದಿ ಕತ್ತರಿಸಬೇಕಾಗುತ್ತದೆ. ಔಷಧ ನಿಲ್ಲಿಸಿದ ಕೂಡಲೇ ಕಾಡಿಗೆ ಬಿಡದೆ ಒಂದು ವಾರವಾದರೂ ಇರಿಸಿಕೊಂಡು, ಊತ ಮರಳಿಲ್ಲ, ತೂಕ ಇಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ.