ಕೋಚ್ ವೃತ್ತಿಯ ನೀತಿ: ಮೊದಲ ಭೇಟಿಗೆ ಮುನ್ನವೇ ಆಡಬೇಕಾದ ಮಾತುಗಳು

ಇಲ್ಲಿ ಕೋಚ್ ಎಂದರೆ ಆಟದ ಮೈದಾನದ ತರಬೇತುದಾರರೂ ಅಲ್ಲ, ಪರೀಕ್ಷೆಗೆ ಪಾಠ ಹೇಳುವವರೂ ಅಲ್ಲ. ವೃತ್ತಿಯಲ್ಲೋ ಬದುಕಿನಲ್ಲೋ ಒಂದು ತಿರುವಿನಲ್ಲಿ ನಿಂತವರ ಎದುರು ಕುಳಿತು, ಉಪದೇಶ ಮಾಡದೆ ಪ್ರಶ್ನೆ ಕೇಳುತ್ತ, ಅವರ ದಾರಿಯನ್ನು ಅವರೇ ಕಂಡುಕೊಳ್ಳಲು ನೆರವಾಗುವವರು. ವೈದ್ಯರಿಗೂ ವಕೀಲರಿಗೂ ಇರುವಂಥ ಸರ್ಕಾರಿ ಪರವಾನಗಿ ಈ ವೃತ್ತಿಗೆ ಬಹುತೇಕ ಎಲ್ಲಿಯೂ ಇಲ್ಲದಿರುವುದರಿಂದ, ನಂಬಿ ಬಂದವರನ್ನು ಕಾಯುವ ಹೊಣೆ ಬಹುಪಾಲು ಕೋಚ್ ತಾನಾಗಿ ಒಪ್ಪಿಕೊಂಡ ನಿಯಮಗಳ ಮೇಲೆಯೇ ನಿಂತಿದೆ. 1995ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ (ಐಸಿಎಫ್) ತನ್ನದೇ ನೀತಿ ಸಂಹಿತೆಯನ್ನು ಹೊಂದಿದ್ದು, ಅದನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದೆ. ನನ್ನ ಅನುಭವದಲ್ಲಿ ಕೋಚ್‌ಗಳು ಇಂಥ ಸಂಹಿತೆಯನ್ನು ಮೀರುವುದು ದುರುದ್ದೇಶದಿಂದ ತೀರಾ ಅಪರೂಪ. ಆರಂಭದಲ್ಲೇ ಹೇಳಬೇಕಾದ ಮಾತನ್ನು ಸಂಕೋಚದಿಂದ ಹೇಳದೆ ಬಿಟ್ಟಾಗಲೇ ಹೆಚ್ಚಿನ ತಪ್ಪುಗಳು ನಡೆಯುತ್ತವೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಆ ಮಾತುಗಳನ್ನು ಯಾವ ಕ್ರಮದಲ್ಲಿ ಆಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ನಿಮ್ಮ ಪರಿಚಯ ಪತ್ರವನ್ನು ಸರಿಪಡಿಸಿಕೊಳ್ಳಿ. ಐಸಿಎಫ್‌ನ ಸದಸ್ಯತ್ವ ಬೇರೆ, ಅದು ಕೊಡುವ ಅರ್ಹತಾ ಪತ್ರ ಬೇರೆ. ಅರ್ಹತಾ ಪತ್ರಗಳಲ್ಲಿ ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್), ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್), ಎಂಸಿಸಿ (ಮಾಸ್ಟರ್ ಸರ್ಟಿಫೈಡ್ ಕೋಚ್) ಎಂಬ ಮೂರು ಹಂತಗಳಿದ್ದು, ತರಬೇತಿಯ ಜೊತೆಗೆ ಕ್ರಮವಾಗಿ ಕನಿಷ್ಠ 100, 500 ಮತ್ತು 2,500 ಗಂಟೆಗಳ ಕೋಚಿಂಗ್ ಅನುಭವವನ್ನು ಕೇಳುತ್ತವೆ. ಸದಸ್ಯತ್ವವನ್ನೇ ಅರ್ಹತೆಯಂತೆ ತೋರಿಸುವುದು, ಮುಗಿಸದ ತರಬೇತಿಯನ್ನು ಮುಗಿಸಿದಂತೆ ಬರೆಯುವುದು, ‘ಆರು ವಾರದಲ್ಲಿ ಬಡ್ತಿ ಖಚಿತ’ ಎಂದು ಭರವಸೆ ಕೊಡುವುದು, ಇವೆಲ್ಲ ಮೊದಲ ಭೇಟಿಗೂ ಮುನ್ನವೇ ಆಡಿದ ಸುಳ್ಳುಗಳು. ಫಲ ನಿಮ್ಮ ಕೈಯಲ್ಲಿಲ್ಲ; ಸಮಯ, ಗಮನ ಮತ್ತು ಕೌಶಲವಷ್ಟೇ ನಿಮ್ಮ ಕೈಯಲ್ಲಿದೆ.

ಎರಡನೆಯದು ಒಪ್ಪಂದ. ಅದು ಬರವಣಿಗೆಯಲ್ಲೇ ಇರಲಿ. ಎಷ್ಟು ಸೆಷನ್, ಎಷ್ಟು ಹೊತ್ತು, ಶುಲ್ಕವೆಷ್ಟು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ನಡುವೆ ಯಾರಾದರೂ ನಿಲ್ಲಿಸಬಯಸಿದರೆ ಹೇಗೆ ಎಂಬ ವಿವರಗಳನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಕೋಚಿಂಗ್ ಏನು ಅಲ್ಲ ಎಂಬ ಸಾಲು. ಇದು ಚಿಕಿತ್ಸೆಯಲ್ಲ, ಕಾನೂನು ಅಥವಾ ಹಣಕಾಸಿನ ಸಲಹೆಯಲ್ಲ, ನಿರ್ಧಾರ ಕ್ಲೈಂಟ್‌ನದೇ ಎಂಬುದನ್ನು ಸರಳ ಮಾತಿನಲ್ಲಿ ಬರೆದು, ಸಹಿಗೆ ಮುನ್ನ ಒಮ್ಮೆ ಬಾಯಿಬಿಟ್ಟು ಹೇಳಬೇಕು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದುದು, ಗೋಪ್ಯತೆ. ಕೋಚಿಂಗ್ ಪಡೆಯುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು ಆದಾಗ ಇದು ನಿಜಕ್ಕೂ ಕಠಿಣವಾಗುತ್ತದೆ. ಕಂಪನಿಯೊಂದು ತನ್ನ ವ್ಯವಸ್ಥಾಪಕರಿಗಾಗಿ ನಿಮ್ಮನ್ನು ನೇಮಿಸಿದೆ ಎಂದುಕೊಳ್ಳಿ. ಮೂರನೇ ಸೆಷನ್ ಮುಗಿದ ಮರುದಿನ ಎಚ್‌ಆರ್ ಮುಖ್ಯಸ್ಥರು ಫೋನ್ ಮಾಡಿ, ಸ್ನೇಹದ ದನಿಯಲ್ಲೇ, “ಹೇಗಿದ್ದಾರೆ ನಮ್ಮವರು? ಕೆಲಸ ಬಿಡುವ ಯೋಚನೆಯೇನಾದರೂ ಇದೆಯಾ?” ಎಂದು ಕೇಳುತ್ತಾರೆ. ಹಿಂದಿನ ದಿನ ಆ ವ್ಯವಸ್ಥಾಪಕರು ಒಂದು ಗಂಟೆ ಮಾತಾಡಿದ್ದು ಅದನ್ನೇ. “ಅಂಥದ್ದೇನಿಲ್ಲ” ಎಂದರೆ ಸುಳ್ಳಾಗುತ್ತದೆ. ಒಂದು ಕ್ಷಣ ತಡವರಿಸಿದರೂ ಗುಟ್ಟು ಹೊರಬಿದ್ದಂತೆಯೇ. ಇಲ್ಲಿ ಉಳಿಯುವ ಉತ್ತರ ಒಂದೇ: “ನಾವು ಮೊದಲ ದಿನವೇ ಒಪ್ಪಿಕೊಂಡಂತೆ, ಎಷ್ಟು ಸೆಷನ್ ಆಗಿದೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ. ಉಳಿದದ್ದನ್ನು ನೀವು ಅವರನ್ನೇ ಕೇಳಬೇಕು.” ಆ ಮೊದಲ ದಿನ ಇದ್ದಿದ್ದರೆ ಮಾತ್ರ ಈ ಉತ್ತರಕ್ಕೆ ನೆಲೆಯಿರುತ್ತದೆ. ಆದ್ದರಿಂದ ಕೆಲಸ ಶುರುವಾಗುವ ಮುನ್ನ ಕೋಚ್, ಕ್ಲೈಂಟ್ ಮತ್ತು ಹಣ ಕೊಡುವ ಪ್ರಾಯೋಜಕರು ಒಟ್ಟಿಗೆ ಕುಳಿತು, ಸಂಸ್ಥೆಗೆ ಯಾವ ಮಾಹಿತಿ ಹೋಗುತ್ತದೆ, ಅದನ್ನು ಯಾರು ಕೊಡುತ್ತಾರೆ, ಯಾವುದು ಎಂದಿಗೂ ಹೋಗುವುದಿಲ್ಲ ಎಂಬುದನ್ನು ಮೂವರ ಎದುರಿನಲ್ಲೇ ನಿರ್ಧರಿಸಬೇಕು. ಪ್ರಗತಿಯ ವರದಿ ಬೇಕೆಂದರೆ ಅದನ್ನು ಕ್ಲೈಂಟ್ ಸ್ವತಃ ಕೊಡಲಿ. ಇದನ್ನು ಒಪ್ಪದ ಪ್ರಾಯೋಜಕರ ಕೆಲಸವನ್ನು, ಶುಲ್ಕ ಎಷ್ಟೇ ದೊಡ್ಡದಿರಲಿ, ಬಿಟ್ಟುಬಿಡುವುದೇ ಸರಿ.

ಗೋಪ್ಯತೆಗೆ ಮಿತಿಯೂ ಇದೆ. ಕ್ಲೈಂಟ್ ತನಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ ಅಪಾಯ ಕಣ್ಣೆದುರಿದ್ದಾಗ, ಕಾನೂನುಬಾಹಿರ ಕೃತ್ಯದ ವಿಷಯ ಬಂದಾಗ ಅಥವಾ ಕಾನೂನೇ ಮಾಹಿತಿ ಕೇಳಿದಾಗ ಮೌನ ಮುರಿಯಬೇಕಾಗಬಹುದು. ಈ ಮಿತಿಯನ್ನೂ ಮೊದಲ ದಿನವೇ ತಿಳಿಸಿರಬೇಕು. ಎಲ್ಲವೂ ಗುಟ್ಟಾಗಿರುತ್ತದೆ ಎಂಬ ಭರವಸೆ ಕೊಟ್ಟು, ಆಮೇಲೆ ವಿನಾಯಿತಿ ಹುಡುಕುವುದು ದ್ರೋಹವಾಗುತ್ತದೆ.

ಹೆಸರು ಬಿಟ್ಟರೆ ಸಾಕು ಎಂಬ ಭ್ರಮೆಯೂ ಬೇಡ. ಆರಂಭದ ವರ್ಷಗಳಲ್ಲಿ ಒಂದು ಕಾರ್ಯಾಗಾರದಲ್ಲಿ ನಾನು ಕ್ಲೈಂಟ್ ಒಬ್ಬರ ಪ್ರಸಂಗವನ್ನು ಹೆಸರು ಹೇಳದೆ ಉದಾಹರಣೆಯಾಗಿ ಕೊಟ್ಟಿದ್ದೆ. ಬಿಡುವಿನ ವೇಳೆ ಹಿಂದಿನ ಸಾಲಿನಲ್ಲಿದ್ದವರೊಬ್ಬರು ಹತ್ತಿರ ಬಂದು, ಅವರು ಯಾರೆಂದು ತಮಗೆ ಗೊತ್ತಾಯಿತು ಎಂದರು. ಅಂದು ಸಂಜೆಯೇ ಆ ಕ್ಲೈಂಟ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು, ಆದರೆ ಮುಂದಿನ ಸೆಷನ್‌ಗಳಲ್ಲಿ ಮೊದಲಿನಷ್ಟು ಮನಬಿಚ್ಚಿ ಮಾತಾಡಲಿಲ್ಲ. ಅಂದಿನಿಂದ ಕ್ಲೈಂಟ್‌ನ ಲಿಖಿತ ಅನುಮತಿಯಿಲ್ಲದೆ ಯಾವ ಪ್ರಸಂಗವನ್ನೂ ನಾನು ಬಳಸುವುದಿಲ್ಲ.

ಇನ್ನು ಸೆಷನ್ ನಡೆಯುತ್ತಿರುವಾಗ ಎರಡು ಗಡಿಗಳ ಮೇಲೆ ಕಣ್ಣಿಡಬೇಕು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ ಅದು ಕೋಚ್‌ನ ಕೆಲಸದ ಆಚೆಗಿನದು. ರೋಗದ ಹೆಸರು ಹೇಳಲು ಹೋಗಬೇಡಿ. “ನೀವು ಹೇಳುತ್ತಿರುವುದಕ್ಕೆ ನನಗಿಂತ ಹೆಚ್ಚು ತಿಳಿದವರ ನೆರವು ಬೇಕು ಅನ್ನಿಸುತ್ತಿದೆ, ಯಾರನ್ನು ಕಾಣಬಹುದು ಎಂದು ಈಗಲೇ ಒಟ್ಟಿಗೆ ನೋಡೋಣವೇ?” ಎಂದು ಕೇಳಿ. ನಂಬಿಕೆಗೆ ಯೋಗ್ಯರಾದ ಮನೋವೈದ್ಯರು ಮತ್ತು ಆಪ್ತಸಮಾಲೋಚಕರ ಪಟ್ಟಿಯನ್ನು ಮೊದಲೇ ಸಿದ್ಧವಾಗಿ ಇಟ್ಟುಕೊಂಡಿರಿ. ಜೀವಕ್ಕೆ ಅಪಾಯವೆನಿಸಿದರೆ ಮುಂದಿನ ಸೆಷನ್‌ವರೆಗೆ ಕಾಯದೆ ತುರ್ತು ನೆರವು ಒದಗಿಸಿ. ಎರಡನೆಯ ಗಡಿ ಸಂಬಂಧಗಳದು. ಕ್ಲೈಂಟ್ ಜೊತೆ ಪ್ರಣಯ ಅಥವಾ ಲೈಂಗಿಕ ಸಂಬಂಧ ಸರ್ವಥಾ ನಿಷಿದ್ಧ. ಅವರ ಜೊತೆ ವ್ಯಾಪಾರ, ಸಾಲ, ಹತ್ತಿರದ ಬಂಧುಗಳಿಗೆ ಕೋಚಿಂಗ್, ಒಬ್ಬರನ್ನು ಕಳುಹಿಸಿಕೊಟ್ಟಿದ್ದಕ್ಕೆ ಗುಟ್ಟಾಗಿ ಪಡೆಯುವ ಕಮಿಷನ್, ಇವು ಹಿತಾಸಕ್ತಿಗಳ ಸಂಘರ್ಷಕ್ಕೆ ದಾರಿ. ಬಚ್ಚಿಡದೆ ಹೇಳಿಬಿಡಿ, ಹೇಳಿದ ಮೇಲೂ ಸರಿಹೋಗದಿದ್ದರೆ ಬೇರೊಬ್ಬ ಕೋಚ್‌ಗೆ ಒಪ್ಪಿಸಿ.

ಗೊಂದಲವಾದಾಗ ಒಬ್ಬರೇ ನಿರ್ಧರಿಸಬೇಡಿ. ಕೋಚ್‌ಗಳಿಗೇ ಮಾರ್ಗದರ್ಶನ ನೀಡುವ ಅನುಭವಿ ಮೇಲ್ವಿಚಾರಕರೊಬ್ಬರ ಎದುರು, ಕ್ಲೈಂಟ್ ಯಾರೆಂದು ತಿಳಿಯದ ಹಾಗೆ, ಸಮಸ್ಯೆಯನ್ನು ಬಿಡಿಸಿಡುವ ಅಭ್ಯಾಸ ಬೆಳೆಸಿಕೊಳ್ಳಿ. ಐಸಿಎಫ್ ಅರ್ಹತಾ ಪತ್ರವನ್ನು 3 ವರ್ಷಕ್ಕೊಮ್ಮೆ ನವೀಕರಿಸುವಾಗ ಮುಂದುವರಿದ ಕಲಿಕೆಯಲ್ಲಿ ನೀತಿಗೆಂದೇ ಕೆಲವು ಗಂಟೆಗಳನ್ನು ಕೇಳುತ್ತದೆ. ಅದು ಕನಿಷ್ಠ ಮಾತ್ರ.

ಕೊನೆಗೆ ದಾಖಲೆಗಳು. ಟಿಪ್ಪಣಿ ಚಿಕ್ಕದಿರಲಿ, ಅದು ಕ್ಲೈಂಟ್ ಕೈಗೇ ಸಿಕ್ಕಿದರೂ ನಾಚಿಕೆಪಡಬೇಕಾದ ಒಂದು ಸಾಲೂ ಅದರಲ್ಲಿರದಂತೆ ಬರೆಯಿರಿ. ಧ್ವನಿಮುದ್ರಣಕ್ಕೂ, ಮಾತನ್ನು ತಾನಾಗಿ ಬರೆದುಕೊಳ್ಳುವ ಆ್ಯಪ್‌ಗಳಿಗೂ ಮುಂಚಿತ ಒಪ್ಪಿಗೆ ಬೇಕು, ಮತ್ತು ಆ ಮಾತುಗಳು ಎಲ್ಲಿ ಶೇಖರವಾಗುತ್ತವೆ ಎಂಬುದು ನಿಮಗೆ ಗೊತ್ತಿರಬೇಕು. ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಒಪ್ಪಂದದಲ್ಲೇ ಬರೆದಿರಿ. ಆ ದಿನ ಬಂದಾಗ ಎಲ್ಲವನ್ನೂ ಅಳಿಸಿ, ಅಳಿಸಿದ್ದೇವೆ ಎಂದು ಕ್ಲೈಂಟ್‌ಗೆ ಒಂದು ಸಾಲಿನ ಸಂದೇಶ ಕಳುಹಿಸಿ.