ಮೂರನೇ ವರ್ಷ ಸಸಿ ಬಿಟ್ಟು ಗುದ್ದಲಿ ಹಿಡಿದೆ

"ಕಾಲುವೆ ತೋಡಿದರೆ ಕಾಡು ಬೆಳೆಯುತ್ತಾ?" ಅಂತ ನವಿ ಮುಂಬೈನ ಐರೋಲಿಯಲ್ಲಿ ನಕ್ಕವರೇ ಈಗ ನನ್ನ ಪ್ಲಾಟಿನ ಫೋಟೊ ಕೇಳುತ್ತಿದ್ದಾರೆ.

ನಾನು ಕುಂದಾಪುರದವನು, ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ನೋಡಿಯೇ ಬೆಳೆದವನು. ಮುಂಬೈ ಪಕ್ಕದ ಠಾಣೆ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಲ್ಲಿ, ಅದನ್ನೇ ನೆಡುವ ಕಾಂಟ್ರಾಕ್ಟ್ ಸಿಕ್ಕಾಗ ಜಂಬ ಜಾಸ್ತಿಯೇ ಇತ್ತು. ಮೊದಲ ವರ್ಷ ಖಾಲಿ ಕೆಸರು ಕಂಡಲ್ಲೆಲ್ಲಾ ಕಾಂಡ್ಲಾ ಕೋಡು (ಮರದಲ್ಲೇ ಮೊಳೆತ ಉದ್ದನೆಯ ಬೀಜ) ಚುಚ್ಚಿದೆವು, ಸುಮಾರು 6,000. ಇಳಿತ ಪೂರ್ತಿ ಆದಾಗ ಮಾತ್ರ ಕಾಣುವ ಕೆಸರು ಅದು. ಬಾರ್ನಕಲ್ ಅನ್ನುವ ಚಿಪ್ಪುಜೀವಿ ಅಂಟಿ ಕೂತು ಸಸಿ ಬಾಗಿದವು, ಮಿಕ್ಕವನ್ನು ಪ್ಲಾಸ್ಟಿಕ್ ಚೀಲ ಸುತ್ತಿ ಎಳೆದುಹಾಕಿತು. ದೀಪಾವಳಿಗೆ ಎಣಿಸಿದರೆ 200 ಕೂಡ ಇಲ್ಲ. ಫ್ಲೆಮಿಂಗೊ ಮೇಯುವ ಜಾಗಕ್ಕೆ ಕೈ ಹಾಕಿದ್ದು ಬೇರೆ. ನೆಟ್ಟ ದಿನ ಫೋಟೊಗೆ ಐವತ್ತು ಜನ ಬಂದಿದ್ದರು. ದುಡ್ಡು ಕೊಡಬೇಕಿದ್ದ ಕಂಪನಿ ಕೊನೇ ಕಂತು ಕೊಡಲೇ ಇಲ್ಲ. ನನ್ನ ಕೈಯಿಂದ ಒಂದೂ ಮುಕ್ಕಾಲು ಲಕ್ಷ ಹೋಯಿತು.

ಎರಡನೇ ವರ್ಷ ಮೇಲಿನ ಜಾಗ, ಹಳೇ ಉಪ್ಪಿನ ಗದ್ದೆಯ ಬದುವಿನ ಹಿಂದೆ. ಚೀಲದಲ್ಲಿ ಬೆಳೆಸಿದ ಉಪ್ಪಟಿ (ಇನ್ನೊಂದು ಬಗೆಯ ಮ್ಯಾಂಗ್ರೋವ್) ಸಸಿ. ಮಳೆಗಾಲದಲ್ಲಿ ಚೆನ್ನಾಗಿದ್ದವು. ಜನವರಿಗೆ ನೆಲವೆಲ್ಲ ಬಿಳಿ ಉಪ್ಪು, ಸಸಿ ಕಡ್ಡಿ.

ಆಮೇಲೆ ನೀರು ಎಲ್ಲಿವರೆಗೆ ಏರುತ್ತದೆ ಅಂತ ನೋಡಲು ಬಿದಿರು ಕಡ್ಡಿಗೆ ಸೀಮೆಸುಣ್ಣ ಬಳಿದು ಅಲ್ಲಲ್ಲಿ ಹುಗಿದೆ. ಎರಡು ಹುಣ್ಣಿಮೆ, ಎರಡು ಅಮಾವಾಸ್ಯೆ ನೋಡಿದೆ. ದೊಡ್ಡ ಉಬ್ಬರದ ನೀರು ಬದು ದಾಟಿ ಒಳಗೆ ಬರುತ್ತದೆ, ಆದರೆ ಹೊರಗೆ ಹೋಗಲು ದಾರಿಯಿಲ್ಲ. ನಿಂತಲ್ಲೇ ಒಣಗುತ್ತದೆ.

ಮ್ಯಾಂಗ್ರೋವ್ ನಾಶ ಮಾಡಬಾರದು ಅಂದ 2018ರ ಬಾಂಬೆ ಹೈಕೋರ್ಟ್ ತೀರ್ಪಿನ ಮೇಲೆ ಮುಂಬೈಯಲ್ಲಿ ಕಾಂಡ್ಲಾ ಜಾಗದ ಮಣ್ಣು ಮುಟ್ಟುವುದು ಸುಲಭವಲ್ಲ. ಒಪ್ಪಿಗೆಗೇ ನಾಲ್ಕು ತಿಂಗಳು. ಬದು ಎರಡು ಕಡೆ ಒಡೆದೆವು. ನಡುವೆ ಮೇಲೆ ಆರಡಿ, ತಳದಲ್ಲಿ ಎರಡಡಿ ಅಗಲದ ಕಾಲುವೆ, ಅದಕ್ಕೆ ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಕವಲು. ಜೇಸಿಬಿ ಹೂತುಹೋಗುತ್ತದೆ, ಎಲ್ಲಾ ಕೈಕೆಲಸ. ಆಳಿಗೆ 800 ರೂಪಾಯಿಯಂತೆ ಎರಡು ಲಕ್ಷ ದಾಟಿತು. ನೀರು ಒಳಬರುವ ಕಾಲುವೆ ಬಾಯಿಯ ಮಟ್ಟ ಎಷ್ಟಿಟ್ಟೆ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಮೂರು ವರ್ಷ ಸುರಿದಿದ್ದೇನೆ!

ನೆಟ್ಟಿದ್ದು ಸಾವಿರ ಸಸಿ ಅಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಉಪ್ಪಟಿ ಬೀಜ ತಾವೇ ತೇಲಿ ಬಂದು ಕಾಲುವೆ ಅಂಚಿನಲ್ಲಿ ಬೇರೂರಿದವು. ಈಗ ನಾನು ನೆಟ್ಟವಕ್ಕಿಂತ ಅವೇ ಜಾಸ್ತಿ, ಸೊಂಟದೆತ್ತರ.

ನಡುವೆ ಏಡಿ ಕಾಟಕ್ಕೆ ಕೋಡನ್ನು ಗೋಮೂತ್ರದಲ್ಲಿ ಅದ್ದಿ ನೋಡಿದೆ. ಏಡಿಗೆ ಚಟ್ನಿ ಹಾಕಿಕೊಟ್ಟಂತಾಯಿತು. ವಾರ ನೆರಳಲ್ಲಿಟ್ಟು ನೆಟ್ಟವನ್ನು ಕಡಿಮೆ ತಿಂದವು.

ಅದೇ ಕಂಪನಿ ಮೊನ್ನೆ ಫೋನ್ ಮಾಡಿ, "ಈ ಸಲ ಎಷ್ಟು ಸಾವಿರ ಸಸಿ ನೆಡ್ತೀರಿ ಸರ್?" ಅಂದಿತು. ಕಾಲುವೆ ಹೂಳು ತೆಗೆಸಲು ದುಡ್ಡು ಕೊಡ್ತೀರಾ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.