ಹಳೇ ಗೋರಿಗಳ ಬರಹ ಓದೋದು: ಹೊನ್ನಾವರ ಕಡೆಯ ನನ್ನ ಅನುಭವ

ನಮ್ಮ ಹೊನ್ನಾವರ ಕಡೆ ಚರ್ಚಿನ ಸ್ಮಶಾನದಲ್ಲಿ ಹಳೇ ಗೋರಿ ದಾಖಲೆ ಮಾಡೋಕೆ ಹೊರಟ್ರೆ ಮೊದಲು ಎದುರಾಗೋದು ಮಳೆ. ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಸುರಿಯೋ ಊರಲ್ಲಿ ಪಾಚಿ ಅಕ್ಷರ ತಿಂದುಬಿಡತ್ತೆ, ಇಲ್ಲಿನ ಚಿರೆಕಲ್ಲಂತೂ (ತೂತುತೂತಾದ ಕೆಂಪು ಜಂಬಿಟ್ಟಿಗೆ) ಸಣ್ಣ ಕೆತ್ತನೆ ಹಿಡಿದಿಟ್ಟುಕೊಳ್ಳೋ ಕಲ್ಲೇ ಅಲ್ಲ. ಹಾಗಾಗಿ ನಾನು ಹೋಗೋದು ನವೆಂಬರ್ 2ರ ಸತ್ತವರ ಹಬ್ಬದ ಹಿಂದಿನ ವಾರ, ಆಗ ಮನೆಯವರೆಲ್ಲಾ ಗೋರಿ ತೊಳೆಯೋಕೆ ಬಂದಿರ್ತಾರೆ, ಕೇಳೋಕೆ ಜನ ಸಿಗ್ತಾರೆ.

ವೈರ್ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ ದಯವಿಟ್ಟು ಯಾರೂ ಮುಟ್ಟಬೇಡಿ. ಬರೀ ನೀರು, ಮೆತ್ತನೆ ಬ್ರಷ್, ಸಂದಿಗೆ ಬಿದಿರಿನ ಕಡ್ಡಿ ಸಾಕು. ಸುಣ್ಣ ಹೊಡೆಯೋರಿಗೆ ಬರಹದ ಜಾಗ ಬಿಟ್ಟು ಹೊಡೀರಿ ಅಂತ ಹೇಳ್ತೀನಿ, ಯಾಕಂದ್ರೆ ವರ್ಷಾವರ್ಷ ಸುಣ್ಣ ತುಂಬಿ ಅಕ್ಷರ ಮುಚ್ಚಿಹೋಗತ್ತೆ. ಆಮೇಲೆ ಕತ್ತಲಾಗೋದು ಕಾಯ್ತೀನಿ. ಟಾರ್ಚನ್ನ ಎದುರಿಂದ ಬಿಡದೆ ಕಲ್ಲಿನ ಪಕ್ಕಕ್ಕೆ ತಾಗಿಸಿ ಓರೆಯಾಗಿ ಬಿಟ್ರೆ ಗುಂಡಿ ಇದ್ದಲ್ಲೆಲ್ಲಾ ನೆರಳು ಬಿದ್ದು, ಹಗಲಲ್ಲಿ ಏನೂ ಕಾಣದ ಕಲ್ಲಲ್ಲೂ ಹೆಸರು ಏಳತ್ತೆ. ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಮೊಬೈಲಲ್ಲಿ ಫೋಟೋ ತೆಗೀರಿ.

ಬರೆದಿಟ್ಟುಕೊಳ್ಳೋದು ಎಷ್ಟು ಮುಖ್ಯ ಅಂದ್ರೆ ಭಟ್ಕಳದ ಇಂಗ್ಲಿಷ್ ವ್ಯಾಪಾರಿಗಳ ಗೋರಿ ನೋಡಿ. ಜಾರ್ಜ್ ವೈ ಸತ್ತಿದ್ದು 1637ರ ಮಾರ್ಚ್ 31, ಆಂಟನಿ ವರ್ನ್‌ವರ್ದಿ ಮರುದಿನವೇ. ಮುಂದಿನ ವರ್ಷ ವೈದ್ಯ ವಿಲಿಯಂ ಬಾರ್ಟನ್. 1883ರ ಕೆನರಾ ಗೆಜೆಟಿಯರ್, ಅಂದ್ರೆ ಬ್ರಿಟಿಷ್ ಸರ್ಕಾರದ ಜಿಲ್ಲಾ ವಿವರದ ಪುಸ್ತಕ, ಮಾಡಿದವರು ಆ ಕಲ್ಲುಬರಹ ನಕಲು ಮಾಡಿಕೊಂಡಿದ್ದಕ್ಕೆ ಇವತ್ತು ಯಾರು ಬೇಕಾದ್ರೂ ಮನೇಲಿ ಕೂತು ಓದಬಹುದು.

ಕಲ್ಲು ಒಂದೇ ನಂಬಿದ್ರೆ ಆಗಲ್ಲ. ಜಾಗ ಕಮ್ಮಿ ಇರೋ ಕಡೆ ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿ ತೆಗೆದು ಎಲುಬು ಬೇರೆ ಗುಂಡಿಗೆ ಸೇರಿಸಿ ಇನ್ನೊಬ್ಬರನ್ನ ಹೂಳೋ ಪದ್ಧತಿ ಇದೆ, ಹಳಬರ ಹೆಸರು ಆಮೇಲೆ ಚರ್ಚಿನ ಮರಣ ರಿಜಿಸ್ಟರಲ್ಲಿ ಮಾತ್ರ. ಅಲ್ಲೂ ಅಜ್ಜ ಮೊಮ್ಮಗ ಇಬ್ಬರೂ ಅದೇ ಹೆಸರು ಅದೇ ಫರ್ನಾಂಡಿಸ್, ಹಾಗಾಗಿ ಅಪ್ಪನ ಹೆಸರು, ಕೇರಿ ಎರಡೂ ಬರ್ಕೊಳ್ಳಿ.

ಆದ್ರೆ ನನಗೆ ತುಂಬಾ ಕಾಡಿದ್ದು ಗೋಡೆ ಅಂಚಿನ ಜಾಗ. ಕಲ್ಲಿಲ್ಲ, ಶಿಲುಬೆ ಇಲ್ಲ. ಒಬ್ಬರು ಅಜ್ಜಿ ಮೇಣದಬತ್ತಿ ಹಚ್ಚುತ್ತಾ ಇದ್ರು, ಯಾರದ್ದು ಅಜ್ಜಿ ಅಂತ ಕೇಳ್ದೆ. "ನನ್ನ ಮೊದಲನೇದು ಮಗಾ, ಜ್ಞಾನಸ್ನಾನ ಆಗೋ ಮೊದಲೇ ಹೋಯ್ತು" ಅಂದ್ರು. ಜ್ಞಾನಸ್ನಾನ ಅಂದ್ರೆ ಮಗುವಿಗೆ ನೀರು ಹಾಕಿ ಹೆಸರಿಟ್ಟು ಧರ್ಮಕ್ಕೆ ಸೇರಿಸೋ ವಿಧಿ. ಹಿಂದೆಲ್ಲಾ ಅದು ಆಗದ ಶಿಶುಗಳನ್ನ ಮಂತ್ರಿಸಿದ ನೆಲದ ಹೊರಗೇ ಹೂಳ್ತಿದ್ರು, ಹೆಸರೂ ಇಡದೆ ಹೋದ ಮಗು ರಿಜಿಸ್ಟರಲ್ಲಿ ಎಲ್ಲಿಂದ ಬರಬೇಕು? ಅದು ಇರೋದು ಆ ತಾಯಿ ನೆನಪಲ್ಲಿ ಮಾತ್ರ. ಅವರೇ ಕೈ ಹಿಡಿದು ಅಕ್ಕಪಕ್ಕದ್ದೂ ತೋರಿಸಿದ್ರು, ಇದು ಇಂಥವರ ಮನೇದು, ಅದು ನನ್ನ ನಾದಿನಿದು ಅಂತ. ನಕಾಶೆಯಲ್ಲಿ ಪ್ರತಿಯೊಂದನ್ನೂ ತಾಯಿ ಹೆಸರಲ್ಲಿ ಗುರುತು ಮಾಡಿದೀನಿ. ಕಾಂಪೌಂಡ್ ರಿಪೇರಿಗೆ ಆ ಅಂಚಲ್ಲಿ ಜೆಸಿಬಿ ಇಳಿಸೋದು ಅಂತಿತ್ತು, ನಕಾಶೆ ಒಯ್ದು ಚರ್ಚಿನವರಿಗೆ ತೋರಿಸಿದೆ, ಈಗ ಕೈಯಲ್ಲೇ ಕೆಲಸ ಮಾಡಿಸೋಕೆ ಒಪ್ಪಿದ್ದಾರೆ.